ಫಾಲ್ ಫಾರ್ ಅಂದ್ರೆ ಏನು ಸಾ?

"ಪುಟ್ ಔಟ್ ದಿ ಲ್ಯಾಂಪ್. ಹಾಗಂದ್ರೆ ಏನು? ಹೊಸಬರು ಹೇಳಿ!" ಎಂದರು ಇಂಗ್ಲಿಷ್ ಮೇಷ್ಟ್ರು.

ಸೋಮಮ್ಮ ಎದ್ದು ನಿಂತಳು.

"ದೀಪಾನ... ಆಚೆ ಇಡು ಸಾ."

ಇಡೀ ಕೋಣೆ ಗೊಳ್ಳೆಂದು ನಕ್ಕಿತು. ಕಣ್ಣಲ್ಲಿ ನೀರು ತುಂಬಿ ಅವಳಿಗೆ ಹಲಗೆಯೇ ಮಸುಕಾಯಿತು.

"ಯಾಕೆ ನಗ್ತೀರಿ?" ಮೇಷ್ಟ್ರ ದನಿ ಏರಿತು. "ಪುಟ್ ಅಂದ್ರೆ ಇಡು, ಔಟ್ ಅಂದ್ರೆ ಆಚೆ. ಇವರದ್ದೇನು ತಪ್ಪು? ದೀಪ ಆರಿಸು ಅನ್ನೋಕೆ ಹೀಗೆ ಸುತ್ತಿ ಬಳಸಿ ಹೇಳೋ ಇಂಗ್ಲಿಷಿನದೇ ತಪ್ಪು!"

ಅವಳು ತಲೆಯೆತ್ತಿ ಮೊದಲ ಸಲ ಅವರನ್ನು ನೋಡಿದಳು. ಅವರೂ ನೋಡಿದರು. ಒಂದು ಕ್ಷಣ ಇಬ್ಬರಿಗೂ ಪಾಠ ಮರೆತೇಹೋಯಿತು!

ಅದು ಸಾವಿರದ ಒಂಬೈನೂರ ಅರವತ್ತೇಳನೆಯ ಇಸವಿ. ಕೊಳ್ಳೇಗಾಲದಲ್ಲಿ ಎಸ್ಸೆಸ್ಸೆಲ್ಸಿ ಫೇಲಾದವರಿಗೆ ಒಂದು ಟ್ಯುಟೋರಿಯಲ್ ನಡೆಯುತ್ತಿತ್ತು. ಯಳಂದೂರಿನ ಗುರುಪಾದಸ್ವಾಮಿ ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಯುವಕ. ಮುಳ್ಳೂರಿನ ಸೋಮಮ್ಮನಿಗೆ ಇಪ್ಪತ್ತು ತುಂಬಿತ್ತು. ಉಳಿದೆಲ್ಲ ಪಾಸಾಗಿ ಇಂಗ್ಲಿಷ್ ಒಂದೇ ಅವಳ ಕಾಲಿಗೆ ತೊಡರಿಕೊಂಡಿತ್ತು.

ಪಾಸಾದರೆ ಟೀಚರ್ ಟ್ರೈನಿಂಗ್. ಫೇಲಾದರೆ ಕುಂತೂರಿನ ಸೋದರಮಾವನ ಜೊತೆ ಮದುವೆ. ಅಪ್ಪ ವೃಷಭೇಂದ್ರಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

ಅವಳು ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಲೇ ಬಾಯಿಪಾಠ ಮಾಡುತ್ತಿದ್ದಳು. "ಲುಕ್ ಆಫ್ಟರ್, ನೋಡಿಕೊಳ್ಳು. ಗಿವ್ ಅಪ್, ಕೈಬಿಡು. ಕಾಲ್ ಆಫ್, ರದ್ದು ಮಾಡು..."

"ಉಳಕ್ಕೂ ಇಂಗ್ಲೀಸು ಕಲಿಸ್ತಿದ್ದೀಯೇನೆ?" ಎಂದು ಅವ್ವ ನಗುತ್ತಿದ್ದಳು.

'ಹುಳಕ್ಕಲ್ಲ ಅವ್ವಾ, ನಾಳೆ ಅವರು ಕೇಳಿದ್ರೆ ತಪ್ಪಬಾರದು...' ಎಂದುಕೊಳ್ಳುವಾಗ ಅವಳ ಕೆನ್ನೆ ಬಿಸಿಯಾಗುತ್ತಿತ್ತು.

ಪರೀಕ್ಷೆಗೆ ಇನ್ನೇನು ಎರಡು ವಾರವಿತ್ತು. ಅಂದು ಸಂಜೆ ಅವಳು ಬಸ್ಸಿಗೆ ಕಾಯುತ್ತಿದ್ದಾಗ ಗುರುಪಾದಸ್ವಾಮಿ ದಾಪುಗಾಲು ಹಾಕುತ್ತಾ ಬಂದ. ಕಿವಿಯೆಲ್ಲ ಕೆಂಪಾಗಿತ್ತು.

"ಸೋಮಮ್ಮ... ಐ ಹ್ಯಾವ್ ಫಾಲನ್ ಫಾರ್ ಯೂ."

ಅಷ್ಟೇ! ಅವಳು ಬಾಯಿ ತೆರೆಯುವ ಮೊದಲೇ ಹಿಂದಿರುಗಿ ಹೊರಟೇಹೋದ.

'ಫಾಲನ್... ಬಿದ್ದಿದ್ದೇನೆ. ಫಾರ್ ಯೂ... ನಿನಗೋಸ್ಕರ. ನನಗೋಸ್ಕರ ಬಿದ್ದರಾ? ಎಲ್ಲಿ ಬಿದ್ದರು? ನಡಿಗೆ ಸರಿಯಾಗೇ ಇತ್ತಲ್ಲ!'

ಮನೆ ಸೇರಿದವಳೇ ಗೈಡು ತೆರೆದಳು. 'ಫಾಲ್ ಫಾರ್: ಮೋಸಹೋಗು.'

ಗೈಡು ಮುಚ್ಚಿ ಮತ್ತೆ ತೆರೆದಳು, ಅದೇ ಇತ್ತು.

'ನಿನ್ನಿಂದ ಮೋಸಹೋದೆ ಅಂದರಾ? ಕುಂತೂರಿನ ವಿಷಯ ಯಾರೋ ಹೇಳಿರಬೇಕು! ನಾನೇ ಹೇಳಬೇಕಿತ್ತು... ಆದರೆ ಮೋಸಗಾತಿ ಅನ್ನೋದಾ? ಹಾಗನ್ನುವಾಗ ಅವರ ಕಣ್ಣು ಯಾಕೆ ಅಷ್ಟು ಮೆತ್ತಗಿತ್ತು?'

ಒಂದಕ್ಕೊಂದು ತಾಳೆಯಾಗಲಿಲ್ಲ. ಅತ್ತಳು, ಸಿಟ್ಟಾದಳು, ಮತ್ತೆ ಅತ್ತಳು. ಮಾರನೆಯ ದಿನ ಕ್ಲಾಸಿಗೆ ಹೋಗಲಿಲ್ಲ. ಆ ವಾರವೆಲ್ಲ ಹೋಗಲಿಲ್ಲ.

ಭಾನುವಾರ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಬದುವಿನ ಮೇಲೆ ಗುರುಪಾದಸ್ವಾಮಿ ನಿಂತಿದ್ದ! ಮುಖ ಬಾಡಿತ್ತು.

"ನನ್ನ ಮಾತಿಂದ ಬೇಜಾರಾಗಿದ್ರೆ ಕ್ಷಮಿಸಿ," ಎಂದ. "ನಾಳೆಯಿಂದ ನಾನು ಕ್ಲಾಸಿಗೆ ಬರೋಲ್ಲ. ಬೇರೆ ಮೇಷ್ಟ್ರನ್ನ ಒಪ್ಪಿಸಿದ್ದೀನಿ. ನನ್ನ ದೆಸೆಯಿಂದ ನೀವು ಪರೀಕ್ಷೆ ಬಿಡಬೇಡಿ."

ಅವಳ ಕೈಯಿಂದ ಸೊಪ್ಪು ಜಾರಿತು.

"ಮೋಸಗಾತಿ ಅಂತ ಬಯ್ದೋರು ನೀವು! ಈಗ ಕ್ಸಮೆ ಯಾಕೆ ಸಾ?"

"ಬಯ್ದೆನಾ? ನಾನಾ?"

"ಕುಂತೂರಿನ ಸಂಬಂಧ ಮುಚ್ಚಿಟ್ಟಿದ್ದು ನಿಜ. ಆದ್ರೆ ಆ ಮದ್ವೆಗೆ ನಾನು ಒಪ್ಪೇ ಇಲ್ಲ!"

"ಯಾವ ಕುಂತೂರು? ಯಾವ ಮದುವೆ?" ಅವನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು.

"ನಿಮ್ಗೆ ಗೊತ್ತಿಲ್ವಾ?" ಈಗ ಗಾಬರಿಯಾಗುವ ಸರದಿ ಅವಳದು. "ಮತ್ತೆ ಫಾಲ್ ಫಾರ್ ಅಂದ್ರೆ ಏನು ಸಾ? ಮೋಸಹೋಗು ಅಂತ ಗೈಡ್‌ನಲ್ಲಿ ಅದೆ!"

ಗುರುಪಾದಸ್ವಾಮಿ ಬದುವಿನ ಮೇಲೆ ಕುಸಿದು ಕುಳಿತ. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

"ಅಯ್ಯೋ... ಅದಕ್ಕೆ ಇನ್ನೊಂದು ಅರ್ಥ ಇದೆ ಕಣ್ರೀ."

"ಏನದು?"

ಅವನ ಮೇಷ್ಟ್ರ ಭಾಷೆ ಬಿದ್ದುಹೋಯಿತು. ಯಳಂದೂರಿನ ಮನೆಮಾತೇ ಬಾಯಿಗೆ ಬಂತು. "ನಂಗೆ ನೀವಂದ್ರೆ ಪ್ರಾಣ. ಕನ್ನಡದಾಗೆ ಏಳಕ್ಕೆ ನಾಚ್ಕೆ ಆಯ್ತು... ಅದ್ಕೇ ಇಂಗ್ಲಿಷ್‌ನಾಗೆ ಅಂದ್ಬುಟ್ಟು ಓಡೋದೆ."

ಸೋಮಮ್ಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು!

"ಯಾರಮ್ಮಿ ಅದು?"

ಗಿಡಗಳ ಸಂದಿಯಿಂದ ಅಪ್ಪ ಬುಟ್ಟಿ ಹೊತ್ತು ಬಂದ. ಸೋಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನೆಟ್ಟಗೆ ನಿಂತಳು. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ...

"ನಮ್ ಇಂಗ್ಲಿಷ್ ಮೇಷ್ಟ್ರು ಅಪ್ಪಾ. ಪಾಸಾಗ್ಲಿ, ಫೇಲಾಗ್ಲಿ, ನಾನು ಕುಂತೂರಿಗೆ ಓಗಾಕಿಲ್ಲ. ಮದ್ವೆ ಆದ್ರೆ... ಇವ್ರನ್ನೇ ಆಗೋದು."

ವೃಷಭೇಂದ್ರಪ್ಪ ಬುಟ್ಟಿ ಇಳಿಸಿದ. ಮಗಳನ್ನು ನೋಡಿದ, ಮೇಷ್ಟ್ರನ್ನು ನೋಡಿದ.

"ಫೇಲಾದ್ರೆ ಏನ್ ಮಾಡ್ತೀರಿ ಮೇಷ್ಟ್ರೇ?"

"ಮತ್ತೆ ಪರೀಕ್ಷೆಗೆ ಕಟ್ಟಿಸ್ತೀನಿ. ಅವ್ರು ಟೀಚರ್ ಆಗೋಗಂಟ ಕಾಯ್ತೀನಿ."

"ಕುಂತೂರಲ್ಲಿ ನನ್ ಮಾನ ಕಳೀತು," ಅಪ್ಪ ಗೊಣಗಿದ. ಬುಟ್ಟಿ ಎತ್ತಿ ತಲೆಗಿಟ್ಟುಕೊಂಡ. ನಾಲ್ಕು ಹೆಜ್ಜೆ ಹೋಗಿ ನಿಂತ. "ಪರೀಕ್ಸೆ ಮುಗೀಲಿ. ನಿಮ್ ಇರೀಕರನ್ನ ಕರ್ಕಂಡ್ ಬನ್ನಿ."

ತೋಟದಲ್ಲಿ ಇಬ್ಬರೇ ಉಳಿದರು. ಒಬ್ಬರ ಮುಖ ಒಬ್ಬರು ನೋಡಲಾರದೆ ಎಲೆ ನೋಡುತ್ತಾ ನಿಂತರು.

"ನಾಳೆ ಕ್ಲಾಸಿಗೆ ಬರ್ತೀರಾ?"

"ಬತ್ತೀನಿ ಸಾ. ಆದ್ರೆ ನೀವೇ ಪಾಠ ಮಾಡ್ಬೇಕು."

"ಆಯ್ತು. ಈ ಸಾ ಅನ್ನೋದನ್ನ ಮಾತ್ರ ಬಿಡಿ."

"ಮತ್ತೇನ್ ಅನ್ಲಿ?"

ಅವನು ನಕ್ಕು ತಲೆ ಕೆರೆದುಕೊಂಡ. ದೂರದಲ್ಲಿ ಕೊಳ್ಳೇಗಾಲದ ಬಸ್ಸಿನ ಹಾರನ್ ಕೇಳಿಸಿತು. ಅವಳು ಸೊಪ್ಪಿನ ಸಾಲಿನತ್ತ ತಿರುಗಿ, ಅವನಿಗಷ್ಟೇ ಕೇಳುವಂತೆ ಅಂದಳು.

"ಬಸ್ಸು ಬಂತು. ಬಿರ್ರನೆ ಓಗಿ... ರೀ."