ಕಾಯಿಲ್ ಕಳವು ಪ್ರಕರಣ

ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಬೈಲಹೊಂಗಲ ಠಾಣೆಗೆ ಬಂದ ದೂರನ್ನು ಎರಡು ಸಲ ಓದಿದರೂ ಪಿ.ಎಸ್.ಐ. ಶೈಲಜಾಗೆ ಅರ್ಥವಾಗಲಿಲ್ಲ. ದೂರುದಾರ ದಿಗಂಬರ ಕುಲಕರ್ಣಿ, ನಿವೃತ್ತ ಪಾಲಿಟೆಕ್ನಿಕ್ ಮೇಷ್ಟ್ರು. ಹಳೆಯ ದೋಣಿ ಮೋಟರುಗಳನ್ನು ಹುಡುಕಿ ತಂದು, ಅದೇ ಕಾಲದ, ಅದೇ ಕಂಪನಿಯ ಬಿಡಿಭಾಗಗಳನ್ನೇ ಹಾಕಿ ಮೊದಲಿನಂತೆ ಮಾಡುವ ಹುಚ್ಚು ಅವರಿಗೆ.

"ಮೋಟರ್ ಕಳುವಾಗೇದೇನ್ರಿ?"

"ಮೋಟರ್ ಅದ ರೀ. ಒಳಗಿನ ಕಾಯಿಲ್ ಇಲ್ಲ. ಕಿಡಿ ಹುಟ್ಟೂದಽ ಅದರಿಂದ. ಅದಿಲ್ಲಂದ್ರ ಬರೇ ಕಬ್ಬಿಣ." ಅವರು ಗೋಡೆಯ ಕ್ಯಾಲೆಂಡರಿನತ್ತ ಬೆರಳು ಮಾಡಿದರು. "ಮುಂದಿನ ತಿಂಗಳ ಪುಣೆದಾಗ ಪ್ರದರ್ಶನ ಅದ. ಒಂದ ಸ್ಕ್ರೂ ಸೈತ ಹೊಸಾದಿರಬಾರದು. ಹನ್ನೊಂದ ವರ್ಷ ಜೀವಾ ತೇದೇನ್ರಿ."

ಮನೆಗೆ ನುಗ್ಗಿ ಕಳವು ಮಾಡಿದ ಕಲಮುಗಳಡಿ ಎಫ್.ಐ.ಆರ್. ದಾಖಲಾಯಿತು. ಹಿತ್ತಲಿನ ಶೆಡ್ಡಿನಲ್ಲಿ ಪಂಚನಾಮೆ ನಡೆಯಿತು. ಚಿಲಕ ಮೀಟಿ ಒಳಗೆ ಬಂದಿದ್ದರು. ತಾಮ್ರದ ತಂತಿ, ಬೆಲೆಬಾಳುವ ಸಲಕರಣೆ ಎಲ್ಲ ಇದ್ದಲ್ಲೇ ಇದ್ದವು. ಮೋಟರಿನ ಚಕ್ರ ಬಿಚ್ಚಿ, ಅದರಡಿಯ ಕಾಯಿಲ್ ತೆಗೆದು, ಮತ್ತೆ ಚಕ್ರ ಕೂರಿಸಿ ಮುಚ್ಚಳ ಹಾಕಿದ್ದರು.

ಹೆಡ್ ಕಾನ್‌ಸ್ಟೇಬಲ್ ಪರಪ್ಪ ಬಗ್ಗಿ ನೋಡಿದ. "ಮೇಡಮ್ಮರ, ಗುಜರಿ ಮಂದಿ ಕೆಲಸ ಅಲ್ರಿ ಇದು. ಕದ್ದ ಮ್ಯಾಲ ನಟ್ಟು ಬಿಗದ ಹೋಗ್ಯಾರ."

ಶೈಲಜಾ ದಿಗಂಬರರತ್ತ ತಿರುಗಿದಳು. "ಈ ಕಾಯಿಲ್ ಮತ್ತ ಯಾವ ಮೋಟರಿಗೆ ಕೂಡತದ್ರಿ?"

ಅವರು ಕನ್ನಡಕ ಒರೆಸಿದರು. "ಇಂಥಾವು ಈ ಕಡೆ ಎರಡಽ ಇದ್ದೂ."

"ಇನ್ನೊಂದೆಲ್ಲಿ?"

"ನದಿ ಕಡೆ ಎಲ್ಲೋ... ನೆನಪಿಲ್ಲ."

ಒಂದೊಂದು ಸ್ಕ್ರೂ ಎಲ್ಲಿಂದ ಬಂತೆಂದು ಬಲ್ಲ ಮನುಷ್ಯನಿಗೆ ಇಡೀ ಮೋಟರೇ ಮರೆತುಹೋಯಿತೇ? ಶೈಲಜಾ ಅದನ್ನು ಡೈರಿಯಲ್ಲಿ ಬರೆದುಕೊಂಡಳು.

ಪರಪ್ಪ ನದಿ ಕಡೆಯ ಸವದತ್ತಿ ಠಾಣೆಗೆ ಫೋನು ಹಚ್ಚಿದ. ಉತ್ತರ ಮಧ್ಯಾಹ್ನ ಬಂತು. ಮನೋಳಿಯ ದೋಣಿಕಾರ ದುಂಡಪ್ಪನ ಹತ್ತಿರ ಅಂಥದ್ದೊಂದು ಮೋಟರಿದೆ. ಹೋದ ವಾರ ಹಿನ್ನೀರಿನಲ್ಲಿ ದೋಣಿ ಮಗುಚಿತು. ದೋಣಿ ಸಿಕ್ಕಿತು, ದುಂಡಪ್ಪ ಸಿಗಲಿಲ್ಲ. ಹುಡುಕುವ ತಂಡ ಶನಿವಾರ ಹಿಂದಿರುಗಿದೆ.

ವಸ್ತು ಗುರುತಿಸಲೆಂದು ದಿಗಂಬರರನ್ನೂ ಜೀಪಿನಲ್ಲಿ ಕೂರಿಸಿಕೊಂಡರು.

ಮನೋಳಿಯ ದಂಡೆಗೆ ಇಳಿಯುವ ಮೊದಲೇ ಮೋಟರಿನ ಸದ್ದು ಕೇಳಿಸಿತು. ನೀರಿನಲ್ಲಿ ಅರ್ಧ ಮುಳುಗಿದ ಜಾಲಿಗಿಡಗಳ ನಡುವೆ ಹೆಣ್ಣುಮಗಳೊಬ್ಬಳು ದೋಣಿ ನಡೆಸುತ್ತ, ಕೊಕ್ಕೆ ಕಟ್ಟಿದ ಬಿದಿರಿನ ಕೋಲಿನಿಂದ ತಳ ಕೆದಕುತ್ತಿದ್ದಳು. ದುಂಡಪ್ಪನ ಮಗಳು ಯಲ್ಲವ್ವ. ಪರಪ್ಪ ಕೂಗಿದ ಮೇಲೆ ದಂಡೆಗೆ ಬಂದಳು. ಅಂಗೈಗಳು ಬೊಬ್ಬೆಯೆದ್ದು ಒಡೆದಿದ್ದವು.

"ಬೈಲಹೊಂಗಲಕ್ಕ ಹೋಗಿದ್ದೇನು?" ಶೈಲಜಾ ಕೇಳಿದಳು.

"ನಿನ್ನೆ ಹೋಗಿದ್ದೆನ್ರಿ."

"ಕಾಯಿಲ್ ತಗದಾಕಿ ನೀನಽ?"

"ಹೂಂ ರೀ. ಅದು ನಮ್ಮದಽ ಐತಿ."

"ನಿಮ್ಮದು ಹೆಂಗ?"

ಯಲ್ಲವ್ವನ ಕಣ್ಣು ಜೀಪಿನ ಬಳಿ ನಿಂತಿದ್ದ ದಿಗಂಬರರ ಮೇಲೆ ಬಿತ್ತು. "ಅವರನ್ನಽ ಕೇಳ್ರಿ. ಬ್ಯಾಸಗ್ಯಾಗ ಬಂದು ನಮ್ಮ ಕಾಯಿಲ್ ಬಿಚ್ಚಿಕೊಂಡ್ರು. ಸ್ಕೂಟರಿಂದು ಹಾಕಿದ್ರು. ಹೊಸಾದು, ಇನ್ನೂ ಚಲೋ ನಡೀತೈತಿ ಅಂದ್ರು. ದೊಡ್ಡೋರ ಮಾತು ಅಂತ ಅಪ್ಪ ಹೂಂ ಅಂದ. ಬಿಸಿ ಆದಕೂಡ್ಲೆ ಬಂದ್ ಬೀಳತಿತ್ತು. ಹಳೇದು ತಿರಗಿ ಕೊಡ್ರಿ ಅಂತ ಎರಡ ಸಲ ಹೋಗಿ ಕೈ ಮುಗದ ಬಂದ."

"ಆಮ್ಯಾಲ?"

"ಅವತ್ತ ಗಾಳಿ ಎದ್ದಿತ್ರಿ. ನಡುನೀರಾಗ ಬಂದ್ ಬಿತ್ತು. ನಾ ಇಲ್ಲೇ ನಿಂತಿದ್ದೆ. ಅಪ್ಪ ಮೋಟರಿನ ಹಗ್ಗ ಜಗ್ಗಾಕಹತ್ತಿದ್ದ. ಜಗ್ಗಿದ, ಜಗ್ಗಿದ..." ಅವಳು ನಡುನೀರಿನತ್ತ ಕೈ ಮಾಡಿದಳು. "ಹುಡುಕಾವ್ರು ಹ್ವಾದ್ರು. ಬರೇ ಹುಟ್ಟು ಹಾಕ್ಕೋಂತ ಇಷ್ಟು ನೀರಾಗ ನಾ ಒಬ್ಬಾಕಿ ಎಲ್ಲೆಲ್ಲಿ ಹುಡುಕ್ಲಿ?"

"ಖರೆ ಏನ್ರಿ ಇದು?" ಶೈಲಜಾ ದಿಗಂಬರರನ್ನು ಕೇಳಿದಳು.

"ಅದು ಒರಿಜಿನಲ್ ಇತ್ತು ಮೇಡಮ್..." ಎಂದವರು ಯಲ್ಲವ್ವನ ಒಡೆದ ಅಂಗೈ ನೋಡಿದರು. ಆಮೇಲೆ, "ದೂರು ವಾಪಸ್ ತಗೋತೇನಿ," ಎಂದರು.

"ಎಫ್.ಐ.ಆರ್. ಆಗೇದ್ರಿ. ಏನಿದ್ರೂ ಕೋರ್ಟಿನ್ಯಾಗ ಹೇಳ್ರಿ."

ಕಳವಿನ ಮಾಲು ಜಪ್ತಿಯಾಗಲೇಬೇಕಿತ್ತು. ಬಿಚ್ಚಲು ದಿಗಂಬರರು ಮುಂದೆ ಬಂದಾಗ ಯಲ್ಲವ್ವ ಅಡ್ಡ ನಿಂತಳು. ತಾನೇ ಚಕ್ರ ಬಿಚ್ಚಿ, ಕಾಯಿಲ್ ತೆಗೆದು, ಸೆರಗಿನಿಂದ ಒರೆಸಿ ಪರಪ್ಪನ ಕೈಗಿಟ್ಟಳು. ಪಂಚರ ಸಹಿಯಾಗಿ ಅರಗಿನ ಮುದ್ರೆ ಬಿತ್ತು. ಸಂಜೆ ಐದಕ್ಕೆ ಬಂಧನ. ಕೃತ್ಯದ ಕಾರಣ ಎಂಬಲ್ಲಿ ಶೈಲಜಾ "ತಂದೆಯ ಶವ ಹುಡುಕಲು" ಎಂದು ಬರೆದಳು. ಆ ಮೂರು ಪದ ಬರೆಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಸವದತ್ತಿಗೆ ಫೋನು ಮಾಡಿ ಹುಡುಕುವ ದೋಣಿ ಕೇಳಿದಳು. ಹೊಸದಾಗಿ ಅರ್ಜಿ ಬರಬೇಕು, ನಾಳೆ ನೋಡೋಣ ಎಂದರು.

"ಆ ಜಾಲಿಗಿಡದ ಆಚಿಕಡೆ ಒಂದಽ ಹುಡುಕೂದು ಉಳದಿತ್ರಿ," ಎಂದಳು ಯಲ್ಲವ್ವ, ಜೀಪು ಹತ್ತುತ್ತ.

ದಿಗಂಬರರು ಜೀಪು ಹತ್ತಲಿಲ್ಲ. ಚಪ್ಪಲಿ ಬಿಟ್ಟು ಕೆಸರಿಗಿಳಿದು, ದೋಣಿ ತಳ್ಳಿ, ಒಳಗೆ ಕೂತು ಎರಡೂ ಹುಟ್ಟು ಹಿಡಿದರು. ದೋಣಿ ಮುಂದೆ ಹೋಗದೆ ನಿಂತಲ್ಲೇ ಗಿರಕಿ ಹೊಡೆಯಿತು. ಪರಪ್ಪ ಶೈಲಜಾಳ ಮುಖ ನೋಡಿದ. ಅವಳು ತಲೆಯಾಡಿಸಿದಾಗ ಪ್ಯಾಂಟು ಮೇಲಕ್ಕೆ ಮಡಚಿ ಅವನೂ ನೀರಿಗಿಳಿದ.

ಜೀಪು ಹೊರಟಾಗ ಯಲ್ಲವ್ವ ಹೊರಕ್ಕೆ ಬಾಗಿ ಗಂಟಲು ಹರಿಯುವಂತೆ ಕೂಗಿದಳು:

"ಎರಡೂ ಕೈ ಕೂಡೇ ಜಗ್ಗ್ರೀ!"