ಎರಡು ಕಿಲೋ ಸುಳ್ಳು

"ಈ ಯಂತ್ರ ಸುಳ್ಳು ಹೇಳ್ತಿದೆ!"

ಮನೆಯಿಂದ ಹೊತ್ತು ತಂದ ತೂಕದ ಯಂತ್ರವನ್ನು ಅವಳು ಧಡ್ ಎಂದು ಮೇಜಿನ ಮೇಲೆ ಕುಕ್ಕಿದಳು. ತಕ್ಕಡಿ ರಿಪೇರಿ ಅಂಗಡಿಯವನು ಬೆಚ್ಚಿ ತಲೆಯೆತ್ತಿದ.

"ಏನಾಯ್ತು ಮೇಡಂ?"

"ಹನ್ನೆರಡು ದಿನದಿಂದ ಫೋನಲ್ಲಿ ಒಬ್ಬಳ ವಿಡಿಯೋ ನೋಡ್ಕೊಂಡು ಮನೇಲಿ ವರ್ಕೌಟ್ ಮಾಡ್ತಿದೀನಿ. ಊಟ ಅರ್ಧಕ್ಕರ್ಧ ಬಿಟ್ಟಿದೀನಿ. ಆದ್ರೂ ಈ ಮುಳ್ಳು ಐವತ್ತೊಂದು ಬಿಟ್ಟು ಕದಲ್ತಿಲ್ಲ!"

ಅವನು ಯಂತ್ರವನ್ನು ನೆಲಕ್ಕಿಳಿಸಿದ. ಇಪ್ಪತ್ತು ಕಿಲೋದ ಎರಡು ಬಟ್ಟುಗಳನ್ನು ಎತ್ತಿ ಯಂತ್ರದ ಮೇಲಿಟ್ಟ. ಮುಳ್ಳು ನಲವತ್ತಕ್ಕೆ ಸರಿಯಾಗಿ ಬಂದು ನಿಂತಿತು.

"ಯಂತ್ರ ಸರಿಯಾಗಿದೆ. ಸರಿ ಇಲ್ಲದಿರೋದು ನೀವು."

"ಏನಂದ್ರಿ?!"

"ಕೈ ನಡುಗ್ತಿದೆ. ತುಟಿ ಬಿಳಚಿಕೊಂಡಿದೆ. ಬೆಳಗ್ಗೆಯಿಂದ ಏನು ತಿಂದಿದೀರ?"

"ಅದೆಲ್ಲ ನಿಮಗ್ಯಾಕೆ?" ಎಂದು ರಪ್ಪನೆ ತಿರುಗಿದಳು. ತಿರುಗಿದ್ದು ಅವಳೊಬ್ಬಳೇ ಅಲ್ಲ, ಅಂಗಡಿಯೂ ತಿರುಗಿತು... ಕಣ್ಣು ಕತ್ತಲಿಟ್ಟು ಬಾಗಿಲಲ್ಲೇ ಕುಸಿದು ಕೂತಳು.

ಕಣ್ಣು ಬಿಟ್ಟಾಗ ಕೈಯಲ್ಲಿ ಎರಡು ಬಾಳೆಹಣ್ಣು. ಅವನ ಮಧ್ಯಾಹ್ನದ ಬುತ್ತಿಯವು. ಎಷ್ಟು ಕೊಬ್ಬು ಈ ಮನುಷ್ಯನಿಗೆ, ಅಂದುಕೊಳ್ಳುತ್ತಲೇ ಎರಡನ್ನೂ ಮುಗಿಸಿದಳು. ಬೈಗುಳ ಬಾಯಲ್ಲೇ ಉಳಿಯಿತು, ಹಣ್ಣು ಒಳಗೆ ಹೋಯಿತು.

ಅವಳ ಹಟಕ್ಕೂ ಕಾರಣವಿತ್ತು. ಹಗಲು ಕೊರಿಯರ್ ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸುವ ಹುಡುಗಿ, ಕನಸು ಮಾತ್ರ ಅಗ್ನಿಶಾಮಕ ದಳದ್ದು. ಅಲ್ಲಿಯ ಟೆಸ್ಟ್‌ನಲ್ಲಿ ಐವತ್ತು ಕಿಲೋ ಗೊಂಬೆಯನ್ನು ಹೆಗಲ ಮೇಲೆ ಹೊತ್ತು ಎರಡು ನಿಮಿಷದಲ್ಲಿ ನಲವತ್ತು ಮೆಟ್ಟಿಲು ಹತ್ತಬೇಕು. ಹೋದ ವರ್ಷ ಇಪ್ಪತ್ತೈದನೇ ಮೆಟ್ಟಿಲಲ್ಲೇ ಮಂಡಿ ಕೈಕೊಟ್ಟಿತ್ತು. "ನಿನ್ನನ್ನೇ ನೀನು ಹೊರಲಾರೆ, ಇನ್ನೊಬ್ಬರನ್ನ ಏನು ಹೊರ್ತೀಯಮ್ಮ?" ಎಂದು ಯಾರೋ ನಕ್ಕಿದ್ದರು.

ಆ ನಗು ಅವಳ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಮೈ ಹಗುರಾದರೆ ಸರಸರ ಹತ್ತಬಹುದು ಎಂದು ಲೆಕ್ಕ ಹಾಕಿದಳು. ಟೆಸ್ಟ್‌ಗೆ ಕನಿಷ್ಠ ಐವತ್ತು ಕಿಲೋ ಇರಲೇಬೇಕು, ಹಾಗಾದರೆ ಐವತ್ತಕ್ಕೆ ಒಂದು ಗ್ರಾಂ ಹೆಚ್ಚೂ ಬೇಡ! ಇನ್ನು ಐದು ವಾರ. ವಯಸ್ಸಿನ ಮಿತಿಯಲ್ಲಿ ಇದೇ ಕೊನೆಯ ಅವಕಾಶ.

ನಾಲ್ಕೇ ದಿನಕ್ಕೆ ಅವಳು ಮತ್ತೆ ಅಂಗಡಿಗೆ ಓಡಿಬಂದಳು. ಹಿಂದೆಯೇ ಏದುಸಿರು ಬಿಡುತ್ತಾ ಅಕ್ಕ. ಅಪ್ಪ ಅಮ್ಮ ಹೋದ ಮೇಲೆ ಹೊಲಿಗೆ ಮಾಡಿ ಇವಳನ್ನು ಸಾಕಿದ ಅಕ್ಕ.

"ನಲವತ್ತೊಂಬತ್ತು!" ಹೊತ್ತು ತಂದಿದ್ದ ಯಂತ್ರವನ್ನು ಅವಳು ಅವನ ಮುಂದಿಟ್ಟಳು. "ದಿನಕ್ಕಷ್ಟು ಇಳೀತಾ ಇಳೀತಾ ನಲವತ್ತೊಂಬತ್ತಾಗಿದೆ. ಬಾಗಿಲಲ್ಲೇ ವಾಪಸ್ ಕಳಿಸ್ತಾರೆ ನನ್ನ!"

ಅವನು ಯಂತ್ರವನ್ನು ಬಗ್ಗಿ ನೋಡಿದ. ತುಂಬಾ ಹೊತ್ತು ನೋಡಿದ. ಆಮೇಲೆ ಅಕ್ಕನ ಮುಖ ನೋಡಿದ.

"ಹೇಳಿ, ಯಂತ್ರ ಸರಿ ಇದೆಯಾ?"

"ಇವತ್ತು ಏನು ತಿಂದ್ರಿ?" ಅವನು ಕೇಳಿದ್ದು ಇಷ್ಟೇ.

"ಅರ್ಧ ಸೇಬು."

"ಫೋನಲ್ಲಿ ವರ್ಕೌಟ್ ಹೇಳಿಕೊಡ್ತಾಳಲ್ಲ ಅವಳು, ದಿನಕ್ಕೆ ಏನು ತಿಂತಾಳೆ ಅಂತ ಯಾವತ್ತಾದ್ರೂ ತೋರಿಸಿದಾಳಾ? ಹೊಸದಾಗಿ ಅಷ್ಟೊಂದು ಕುಣಿಸಿದ್ರೆ ಮೈ ಜಾಸ್ತಿ ಕ್ಯಾಲೊರಿ ಕೇಳುತ್ತೆ ಮೇಡಂ. ಹೊರಗಿಂದ ಕೊಡದಿದ್ರೆ ನಿಮ್ಮ ಸ್ನಾಯುವನ್ನೇ ತಿನ್ನುತ್ತೆ."

"ನಿಮಗೆ ಹೇಗೆ ಗೊತ್ತು?"

ಅವನು ಬಲಗೈ ಎತ್ತಿದ. ಭುಜದ ಮಟ್ಟಕ್ಕೆ ಬಂದು ನಿಂತಿತು, ಮೇಲೆ ಹೋಗಲಿಲ್ಲ. "ವೇಟ್‌ಲಿಫ್ಟಿಂಗ್ ಮಾಡ್ತಿದ್ದೆ. ಕೆಳಗಿನ ತೂಕದ ವಿಭಾಗಕ್ಕೆ ಸೇರೋ ಆಸೆಗೆ ಉಪವಾಸ ಬಿದ್ದೆ. ಎತ್ತಿದ ಭಾರ ನನ್ನ ಮೇಲೇ ಬಿತ್ತು."

"ಹಾಗಾದ್ರೆ ನಾನು ಏನೇನು ತಿನ್ಬೇಕು?" ಎಂದಳು ಅವಳು.

ಅಂದಿನಿಂದ ಊಟ ಶುರುವಾಯಿತು. ಬೆಳಗ್ಗೆ ಮೊಟ್ಟೆ, ಹಾಲು. ಮಧ್ಯಾಹ್ನ ತಟ್ಟೆ ತುಂಬ ಅನ್ನ, ಕಾಳು. ವರ್ಕೌಟ್ ಆದಮೇಲೆ ಮುಷ್ಟಿ ಕಡಲೆಕಾಯಿ, ಬಾಳೆಹಣ್ಣು. ಕೆಲಸದಿಂದ ಬರುವಾಗ ದಿನವೂ ಅಂಗಡಿಯ ಮುಂದೆ ನಿಂತು ವರದಿ ಒಪ್ಪಿಸುವಳು. ಅವನು ಕಿವಿಗೊಟ್ಟು ಕೇಳುವನು. "ಮೂರು ಮೊಟ್ಟೆನಾ? ನಾಲ್ಕು ಅಂದಿದ್ದೆ!" ಎಂದು ಗದರುವನು. ಅಂಗಡಿಯ ಮುಂದೆ ನಿಲ್ಲುವ ಐದು ನಿಮಿಷ ಮುಕ್ಕಾಲು ಗಂಟೆಯಾದದ್ದು ಅವಳಿಗೆ ತಿಳಿಯಲೇ ಇಲ್ಲ. ಅಕ್ಕನಿಗೆ ಮಾತ್ರ ಚೆನ್ನಾಗಿ ತಿಳಿದಿತ್ತು.

ಇಪ್ಪತ್ತು ದಿನ ಹೀಗೇ ಕಳೆದವು. ಮನೆಯ ಯಂತ್ರ ಐವತ್ತೊಂದು ತೋರಿಸಿತು. ಅಬ್ಬಾ, ಗೆದ್ದೆ!

ಟೆಸ್ಟ್‌ಗೆ ಹನ್ನೊಂದು ದಿನ ಇರುವಾಗ, ಗೋದಾಮಿನ ದೊಡ್ಡ ಪಾರ್ಸೆಲ್ ತಕ್ಕಡಿಯ ಮೇಲೆ ತಮಾಷೆಗೆಂದು ಹತ್ತಿ ನಿಂತಳು.

ಐವತ್ತಮೂರು.

ಇಳಿದು ಮತ್ತೆ ಹತ್ತಿದಳು. ಐವತ್ತಮೂರೇ! ಆ ತಕ್ಕಡಿಯನ್ನು ಹೋದ ತಿಂಗಳಷ್ಟೇ ಪರೀಕ್ಷಿಸಿ ಮುದ್ರೆ ಒತ್ತಿ ಹೋಗಿದ್ದವನು ಅವನೇ. ತಪ್ಪು ತೋರಿಸುವ ಮಾತೇ ಇಲ್ಲ. ಹಾಗಾದರೆ...

ಅಂಗಡಿಗೆ ಹೋದಾಗ ಅವಳ ಕಣ್ಣು ಕೆಂಡವಾಗಿತ್ತು.

"ಮನೆ ಯಂತ್ರ ಎರಡು ಕಿಲೋ ಕಡಿಮೆ ತೋರಿಸ್ತಿದೆ. ನಿಮಗೆ ಗೊತ್ತಿತ್ತಾ?"

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಗೊತ್ತಿತ್ತು."

ಇಲ್ಲ ಅನ್ನಬಾರದಿತ್ತೇ ಇವನು! ಇಲ್ಲ ಅಂದಿದ್ದರೆ ನಂಬಲು ಅವಳ ಮನಸ್ಸು ತುದಿಗಾಲಲ್ಲಿ ನಿಂತಿತ್ತು.

"ನೀವೇ ತಿರುಗಿಸಿದ್ರಾ?"

ಅವನು ತಲೆ ತಗ್ಗಿಸಿ ಮತ್ತೆ ಸ್ಕ್ರೂಡ್ರೈವರ್ ಎತ್ತಿಕೊಂಡ.

"ನನ್ನ ಜೀವನ ನಿಮಗೆ ಆಟದ ಸಾಮಾನಾ? ನಂಬಿ ಕೆಟ್ಟೆ! ಇನ್ನು ಈ ಕಡೆ ತಲೆ ಹಾಕಿಯೂ ಮಲಗಲ್ಲ!"

ಆ ದಿನ ರೋಷದಲ್ಲಿ ಊಟ ಬಿಟ್ಟಳು. ಮಾರನೇ ಬೆಳಗ್ಗೆ ಮರಳಿನ ಚೀಲ ಹೊತ್ತು ಮನೆಯ ಮೆಟ್ಟಿಲು ಹತ್ತಿದಳು. ಮೊನ್ನೆಯವರೆಗೂ ಸಲೀಸಾಗಿ ಹತ್ತುತ್ತಿದ್ದವಳು ಹದಿನೆಂಟಕ್ಕೇ ಗೋಡೆ ಹಿಡಿದಳು. ಚೀಲ ಜಾರಿತು. ಅಲ್ಲೇ ಕೂತು ಅತ್ತಳು. ಅತ್ತು ಮುಗಿದ ಮೇಲೆ, ಹಟಮಾರಿಯಾದರೂ ದಡ್ಡಿಯಲ್ಲವಲ್ಲ, ಯೋಚಿಸಿದಳು. ಐವತ್ತೊಂದರಲ್ಲಿ ಕಣ್ಣು ಕತ್ತಲಿಟ್ಟಿತ್ತು. ಐವತ್ತಮೂರರಲ್ಲಿ ನಲವತ್ತು ಮೆಟ್ಟಿಲು ಹತ್ತಿದ್ದೆ.

ಎದ್ದು ಅಡುಗೆಮನೆಗೆ ಹೋದಳು. ಅವನ ಮೇಲಿನ ಕೋಪವನ್ನು ನುಂಗುತ್ತಾ ನಾಲ್ಕು ಮೊಟ್ಟೆ ತಿಂದಳು. ಅಕ್ಕ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದು ಮುಚ್ಚಿದಳು.

ಟೆಸ್ಟ್ ದಿನ ಗೊಂಬೆ ಹೆಗಲೇರಿತು. ಹತ್ತು... ಇಪ್ಪತ್ತು... ಇಪ್ಪತ್ತೈದು! ಮಂಡಿ ನಡುಗಿತು, ಆದರೆ ನಿಂತಿತು. ಮೂವತ್ತು. ಉಸಿರು ಸುಡುತ್ತಿತ್ತು. ಕೊನೆಯ ಮೆಟ್ಟಿಲ ಮೇಲೆ ಗೊಂಬೆ ಇಳಿಸಿದಾಗ ಗಡಿಯಾರ ಹಿಡಿದ ಅಧಿಕಾರಿ ಹೇಳಿದರು: "ಒಂದು ನಿಮಿಷ ನಲವತ್ತೆಂಟು ಸೆಕೆಂಡ್. ಪಾಸ್."

ಮನೆಗೆ ಬಂದು ಅಕ್ಕನನ್ನು ತಬ್ಬಿದಳು. ಅಕ್ಕ ಗಳಗಳನೆ ಅತ್ತುಬಿಟ್ಟಳು.

"ನಾನೇ ಕಣೇ ಪುಟ್ಟಿ... ನೀನು ಹೊಟ್ಟೆ ತುಂಬ ಉಣ್ಣಲಿ ಅಂತ ಯಂತ್ರದ ಹಿಂದಿನ ಚಕ್ರ ದಿನಾ ಅಷ್ಟಷ್ಟೇ ತಿರುಗಿಸಿದವಳು ನಾನೇ. ಮೊದಲು ಆ ತಕ್ಕಡಿ ಅಂಗಡಿಯವನ ಹತ್ರ ಹೋಗಿ ಬೇಡಿಕೊಂಡೆ. ತಕ್ಕಡಿಗೆ ಸುಳ್ಳು ಕಲಿಸೋದು ನನ್ನ ಕೈಲಾಗಲ್ಲ ಅಂದ. ನೀನೋ ಐವತ್ತನ್ನೇ ನೋಡ್ತಿದ್ದೆ, ಮುಳ್ಳು ಸೊನ್ನೆಯಲ್ಲಿದೆಯಾ ಅಂತ ನೋಡಲೇ ಇಲ್ಲ. ಅವನು ನೋಡಿದ ತಕ್ಷಣ ಕಂಡುಹಿಡಿದ. ನಿನ್ನ ಬೆನ್ನ ಹಿಂದೆ ನಿಂತು ನಾನು ಕೈ ಮುಗಿದೆ..."

"ಅಕ್ಕಾ! ಅವರನ್ನ ನಾನು ಏನೆಲ್ಲ ಅಂದೆ!"

ಬೂಟು ಬಿಚ್ಚದೆಯೇ ಓಡಿದಳು.

ಮಧ್ಯಾಹ್ನದ ಬಿಸಿಲಲ್ಲಿ ಅಂಗಡಿ ಬಿಕೋ ಎನ್ನುತ್ತಿತ್ತು. ಅವನು ಬಟ್ಟು ಒರೆಸುತ್ತಾ ಕೂತಿದ್ದ.

"ಪಾಸಾದೆ," ಎಂದಳು.

ಅವನ ಮುಖ ಅರಳಿತು, ಮರುಕ್ಷಣವೇ ಬಾಡಿತು. "ಒಳ್ಳೇದಾಯ್ತು."

"ಅಕ್ಕ ಎಲ್ಲ ಹೇಳಿದ್ಲು. ತಪ್ಪು ನಿಮ್ಮದಲ್ಲ ಅಂತ ಯಾಕೆ ಹೇಳಲಿಲ್ಲ?"

"ತಪ್ಪು ನನ್ನದೂ ಹೌದು. ಹನ್ನೆರಡು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಎಂಥವರ ಒತ್ತಡ ಬಂದ್ರೂ ಸುಳ್ಳು ತೂಕ ಬಿಟ್ಟುಕೊಟ್ಟಿಲ್ಲ. ನಿಮ್ಮದೊಂದನ್ನ ನೋಡಿಯೂ ಸುಮ್ಮನಿದ್ದೆ." ಅವನ ದನಿ ತಗ್ಗಿತು. "ನಿಮ್ಮ ಕೈ ನಡುಗೋದು ನಿಂತರೆ ಸಾಕು ಅನ್ನಿಸ್ತು. ಪ್ರೀತಿ ಅಂದ್ರೆ ಹೀಗಿರುತ್ತೆ ಅಂತ ಅವತ್ತೇ ಗೊತ್ತಾಯ್ತು."

ಎಷ್ಟು ಬೈದಿದ್ದೆ ಈ ಜೀವವನ್ನು!

"ಆದ್ರೂ ನನ್ನ ಮುಚ್ಚಿಟ್ಟು ಕಾಪಾಡೋದು ಬೇಡ," ಎಂದಳು ಮೆಲ್ಲಗೆ. "ಇನ್ಮೇಲೆ ನಿಜ ಏನಿದ್ರೂ ಮುಖಕ್ಕೇ ಹೇಳ್ಬೇಕು."

"ಹೇಳ್ತೀನಿ."

"ಈಗಲೇ ಒಂದು ಹೇಳಿ, ನೋಡೋಣ."

ಅವನು ತಲೆ ಕೆರೆದುಕೊಂಡ. "ನೀವು ಬೈದು ಹೋದಾಗಿನಿಂದ ನಂಗೆ ಊಟ ಸೇರ್ತಿಲ್ಲ."

ಆಗ ನೋಡಿದಳು. ಕೆನ್ನೆಗಳು ಒಳಹೋಗಿದ್ದವು, ಅಂಗಿ ಭುಜದಲ್ಲಿ ಸಡಿಲವಾಗಿತ್ತು. ಅವಳ ಕಣ್ಣು ತುಂಬಿ ಬಂತು.

"ಹನ್ನೊಂದು ದಿನ! ಊರಿಗೆಲ್ಲ ಬುದ್ಧಿ ಹೇಳಿ ನೀವು ಮಾಡೋದು ಇದಾ?"

"ಹೊಟ್ಟೆ ಬೇಕು ಅನ್ನುತ್ತೆ. ಮನಸ್ಸು ಬೇಡ ಅನ್ನುತ್ತೆ."

"ಮನಸ್ಸಿನ ಹತ್ರ ನಾನು ಮಾತಾಡ್ಕೋತೀನಿ," ಎಂದು ಅವನ ಕೈಯಿಂದ ಬಟ್ಟು ತೆಗೆದಿಟ್ಟಳು. "ಅಂಗಡಿ ಬಾಗಿಲು ಹಾಕಿ, ಬನ್ನಿ. ಅಕ್ಕ ಮೂರು ತಟ್ಟೆ ಹಾಕಿರ್ತಾಳೆ."