ತಾನಾಗಿಯೇ ನಿಂತ ಗಾಡಿ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತೂಕಾಲಿಗೆ ಡ್ರೈವಿಂಗ್ ಸ್ಕೂಲಿನ ಮಾಲೀಕರು ಠಾಣೆಯ ಮೆಟ್ಟಿಲು ಹತ್ತಿದರು. ಕೈಯಲ್ಲೊಂದು ನೋಟ್‌ಬುಕ್ಕು, ಕಣ್ಣಲ್ಲಿ ಮೂರು ದಿನದ ನಿದ್ದೆಗೇಡು.

"ನಮ್ಮ ಕಾರು ಕಳುವಾಗ್ತಾ ಇದೆ ಸಾರ್."

"ಯಾವಾಗ?" ದಫೇದಾರರು ಪೆನ್ನಿನ ಮುಚ್ಚಳ ತೆಗೆದರು.

"ದಿನಾ. ಆಮೇಲೆ ವಾಪಸ್ಸೂ ಬರ್ತಾ ಇದೆ."

ದಫೇದಾರರು ಮುಚ್ಚಳ ಮತ್ತೆ ಹಾಕಿದರು. ಆದರೆ ನೋಟ್‌ಬುಕ್ಕಿನಲ್ಲಿದ್ದ ಲೆಕ್ಕ ಹುಡುಗಾಟದ್ದಾಗಿರಲಿಲ್ಲ. ರಾತ್ರಿ ಎಂಟಕ್ಕೆ ಮೀಟರ್ ಓದಿ ಬರೆದಿಟ್ಟರೆ ಬೆಳಿಗ್ಗೆ ಏಳಕ್ಕೆ ಹದಿನಾಲ್ಕು ಕಿಲೋಮೀಟರ್ ಜಾಸ್ತಿ. ಒಂಬತ್ತು ದಿನದಿಂದ ಹೀಗೆ. ಕಾರು ಶೆಡ್ಡಿನಲ್ಲೇ ಇರುತ್ತದೆ, ಬೀಗ ಒಡೆದಿಲ್ಲ, ಮೈಮೇಲೆ ಒಂದು ಗೀರಿಲ್ಲ.

"ಗಾಜು ಕೂಡ ಒರೆಸಿ ಇಡ್ತಾನೆ ಸಾರ್ ಕಳ್ಳ."

"ಅಂಥೋನು ನಮ್ಮ ಜೀಪಿಗೂ ಒಬ್ಬ ಬೇಕಿತ್ತು," ಎಂದರು ಒಳಗಿನಿಂದ ಬಂದ ಇನ್‌ಸ್ಪೆಕ್ಟರ್ ಮೇಡಂ. ನಕ್ಕಿದ್ದು ಅಷ್ಟೇ. ಆ ಗಾಡಿ ಎಲ್ಲಾದರೂ ಯಾರಿಗಾದರೂ ಗುದ್ದಿದರೆ ಸ್ಕೂಲಿನ ಪರವಾನಗಿಯೇ ಹೋಗುತ್ತದೆ. ಹನ್ನೊಂದೂಕಾಲಿಗೆ ಎಫ್‌ಐಆರ್ ದಾಖಲಾಯಿತು: ಮಾಲೀಕರ ಅನುಮತಿಯಿಲ್ಲದೆ ವಾಹನ ಒಯ್ದದ್ದು, ಆರೋಪಿ ಅಪರಿಚಿತ.

ಮೇಡಂ ದಫೇದಾರರನ್ನು ಪಕ್ಕಕ್ಕೆ ಕರೆದರು. "ಗಾಡಿ ನಿಲ್ಲಿಸೋ ವಿಷಯದಲ್ಲಿ ಜೋಪಾನ. ಗೊತ್ತಲ್ಲ?"

ಗೊತ್ತಿಲ್ಲದೆ ಏನು! ನವೆಂಬರಿನ ಒಂದು ರಜಾದಿನ ದಫೇದಾರರು ಮನೆಯ ಮುಂದೆ ಶರವೇಗದಲ್ಲಿ ಹೋಗುತ್ತಿದ್ದ ಕಾರೊಂದನ್ನು ಅಡ್ಡಗಟ್ಟಿದ್ದರು. ಆಗ ಅವರ ಮೈಮೇಲೆ ಇದ್ದದ್ದು ಬನಿಯನ್ನು, ಕೈಯಲ್ಲಿ ಟವೆಲ್ಲು, ಅರ್ಧ ಬೋಳಿಸಿದ ಕೆನ್ನೆಯ ಮೇಲೆ ನೊರೆ. ಪ್ರಕರಣ ನ್ಯಾಯಾಲಯದಲ್ಲಿ ಒಂದು ಗಂಟೆಯೂ ಉಳಿಯಲಿಲ್ಲ. ಸಮವಸ್ತ್ರದಲ್ಲಿರಬೇಕು, ನಿಲ್ಲಿಸಿದ್ದಕ್ಕೆ ಕಾರಣವಿರಬೇಕು, ಆ ಕಾರಣವನ್ನು ಚಾಲಕನಿಗೆ ಹೇಳಬೇಕು ಎಂದು ನ್ಯಾಯಾಧೀಶರು ಮೂರು ಬೆರಳು ಮಡಿಸಿ ತೋರಿಸಿದ್ದರು. ಹಿಂದೆಯೇ ಮೆಮೊ ಬಂತು: ಇನ್ನೊಂದು ಸಲ ಹೀಗಾದರೆ ಎ.ಎಸ್.ಐ. ಬಡ್ತಿಯ ಪಟ್ಟಿಯಿಂದ ಹೆಸರು ತೆಗೆಯಲಾಗುವುದು. ಹನ್ನೊಂದು ವರ್ಷದಿಂದ ಒಂದೇ ದರ್ಜೆಯಲ್ಲಿ ಸವೆದ ಮನುಷ್ಯನಿಗೆ ಆ ಪಟ್ಟಿಯೇ ಪಂಚಪ್ರಾಣ. ತಿಂಗಳ ಕೊನೆಗೆ ಅದು ಹೊರಬೀಳಲಿತ್ತು.

ಮಧ್ಯಾಹ್ನ ಹನ್ನೆರಡೂವರೆಗೆ ಸ್ಥಳ ಪಂಚನಾಮೆ. ಮನೆಗೆ ಅಂಟಿಕೊಂಡ ಶೆಡ್ಡು, ಅಡುಗೆಮನೆ ಬಾಗಿಲ ಹಿಂದಿನ ಮೊಳೆಯಲ್ಲಿ ಕೀಲಿ. ಕಾರಿನ ಒಳಗನ್ನಡಿ ಕೆಳಕ್ಕೆ ವಾಲಿತ್ತು. ಓಡಿಸಿದವರು ಗಿಡ್ಡ ಆಳು. ಪಕ್ಕದ ಸೀಟಿನ ಮೇಲೆ ಎರಡು ಗುಂಡುಪಿನ್ನು ಸಿಕ್ಕವು. ಅವನ್ನು ಲಕೋಟೆಗೆ ಹಾಕಿ ಪಂಚರ ಸಹಿ ಪಡೆಯಲಾಯಿತು.

ಮನೆಯ ಮುಂಗೋಣೆಯಲ್ಲಿ ಮಾಲೀಕರ ಅತ್ತೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಅರವತ್ತು ದಾಟಿದ, ಮೂರು ಹಿಡಿ ಮೈಯ ಹೆಂಗಸು. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಕಳ್ಳ ಗಾಡಿ ಚೆನ್ನಾಗಿ ಓಡಿಸ್ತಾನಾ?"

"ಗೊತ್ತಿಲ್ಲಮ್ಮ. ಯಾಕೆ?"

"ಸುಮ್ನೆ ಕೇಳ್ದೆ."

ಹೊರಗೆ ಬಂದ ಮೇಲೆ ಮಾಲೀಕರು ದನಿ ತಗ್ಗಿಸಿದರು. "ಲೈಸೆನ್ಸ್ ಟೆಸ್ಟಲ್ಲಿ ಐದು ಸಲ ಫೇಲು ಸಾರ್ ನಮ್ಮತ್ತೆ. ಊರಿಗೆಲ್ಲಾ ಕಲಿಸೋನು ನಾನು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಂಗಾಯ್ತು."

ಬುಧವಾರ ಬೆಳಿಗ್ಗೆ ಐದಕ್ಕೇ ದಫೇದಾರರು ಶೆಡ್ಡಿನ ಎದುರು ಕಾವಲು ಕೂತರು. ಅಂದು ಕಾರು ಕದಲಲೇ ಇಲ್ಲ. ಒಂಬತ್ತು ದಿನ ತಪ್ಪದೆ ನಡೆದದ್ದು ಹತ್ತನೆಯ ದಿನ ನಿಂತಿತೆಂದರೆ ಏನರ್ಥ?

"ಪೊಲೀಸರು ಕಾಯ್ತಾರೆ ಅಂತ ಯಾರಿಗೆ ಹೇಳಿದ್ರಿ?" ಮೇಡಂ ಮಾಲೀಕರನ್ನು ಕೇಳಿದರು.

"ಯಾರಿಗೂ ಇಲ್ಲ. ಊಟಕ್ಕೆ ಕೂತಾಗ ಮನೇಲಿ ಮಾತ್ರ."

"ಮನೇಲಿ ಯಾರ್ಯಾರು?"

"ಹೆಂಡತಿ, ಅತ್ತೆ. ಒಬ್ಬಳಿಗೆ ಸ್ಟೀರಿಂಗ್ ಕಂಡ್ರೇ ಆಗಲ್ಲ, ಇನ್ನೊಬ್ರಿಗೆ ಬರಲ್ಲ."

ಮೇಡಂ ಮೇಜಿನ ಮೇಲಿದ್ದ ಲಕೋಟೆ ನೋಡಿದರು, ದಫೇದಾರರು ಮೇಡಂ ಮುಖ ನೋಡಿದರು. ಮಾಲೀಕರು ಮಾತ್ರ ಇಬ್ಬರನ್ನೂ ನೋಡುತ್ತಾ ಏನೂ ತೋಚದೆ ಕೂತರು.

"ಇವತ್ತು ಊಟಕ್ಕೆ ಕೂತಾಗ, ಪೊಲೀಸರು ಕೈಚೆಲ್ಲಿದ್ರು ಅಂತ ಹೇಳಿ," ಎಂದರು ಮೇಡಂ. "ಜೋರಾಗಿ ಹೇಳಿ."

ಗುರುವಾರ ಬೆಳಿಗ್ಗೆ ಮತ್ತೆ ಹದಿನಾಲ್ಕು ಕಿಲೋಮೀಟರ್. ಅದೇ ದಿನ ಸಂಜೆ ನಾಲ್ಕಕ್ಕೆ ಹಾಲಿನವನ ಹೇಳಿಕೆ ಪಡೆದರು. ದಿನಾ ಆರು ಗಂಟೆ ಹೊತ್ತಿಗೆ ಗ್ರಂಥಾಲಯದ ರಸ್ತೆಯಲ್ಲಿ ಆ ಕಾರು ಕಾಣುತ್ತದೆ, ಒಳಗೆ ಇಬ್ಬರು.

"ಓಡಿಸೋರ ತಲೆ ಮಾತ್ರ ಕಾಣುತ್ತೆ. ಪಕ್ಕದಲ್ಲಿ ಟೋಪಿ ಹಾಕ್ಕೊಂಡ ಗಂಡಸು. ನಾನು ಕೈ ಎತ್ತಿದ್ರೆ ತಿರುಗಿ ಕೂಡ ನೋಡಲ್ಲ ಸಾರ್. ಬಹಳ ಜಂಬ."

ಶುಕ್ರವಾರಕ್ಕೆ ಬಲೆ ಹೆಣೆದರು. ಮೇಡಂ ಸಮವಸ್ತ್ರದಲ್ಲಿ ಜೀಪಿನೊಂದಿಗೆ ರೈಲ್ವೆ ಗೇಟಿನಾಚೆ, ಪೆಟ್ರೋಲ್ ಬಂಕಿನ ತಿರುವಿನಲ್ಲಿ. ದಫೇದಾರರು ವಾಕಿಂಗಿಗೆ ಬಂದವರ ಹಾಗೆ ಟ್ರ್ಯಾಕ್ ಪ್ಯಾಂಟಿನಲ್ಲಿ ಗ್ರಂಥಾಲಯದ ಮುಂದೆ.

"ನೀವು ನೋಡಿ, ಫೋನ್ ಮಾಡಿ. ಅಷ್ಟೇ," ಎಂದರು ಮೇಡಂ. "ಈ ವೇಷದಲ್ಲಿ ಕೈ ಅಡ್ಡ ಹಾಕಿದ್ರೆ ಅವರು ನಿಲ್ಲಿಸಬೇಕಾಗಿಲ್ಲ. ನಿಲ್ಲಿಸಿದ್ರೂ ನಾಳೆ ನಮ್ಮನ್ನೇ ಕಟಕಟೆಗೆ ಹತ್ತಿಸ್ತಾರೆ."

"ಕೈ ಎತ್ತಲ್ಲ ಮೇಡಂ. ಆಣೆಗೂ ಎತ್ತಲ್ಲ."

ಬೆಳಿಗ್ಗೆ ಆರು ಗಂಟೆ ಎಂಟು ನಿಮಿಷ. ಮಸುಕು ಬೆಳಕಿನಲ್ಲಿ ಬಿಳಿ ಕಾರು ಬಂತು. ತಿರುವಿಗೆ ಮೊದಲೇ ದೀಪ ಮಿನುಗಿಸಿ, ವೇಗ ತಗ್ಗಿಸಿ, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ರಸ್ತೆಗೆ ಹೊರಳಿತು. ದಫೇದಾರರು ಫೋನ್ ಹಚ್ಚಿದರು.

"ಬಂತು ಮೇಡಂ!"

"ಅಯ್ಯೋ, ಗೂಡ್ಸ್ ರೈಲು ಕಣ್ರೀ. ಗೇಟು ಹಾಕಿಬಿಟ್ರು. ಹತ್ತು ನಿಮಿಷ ಬೇಕು."

ಹತ್ತು ನಿಮಿಷದಲ್ಲಿ ಕಾರು ಶೆಡ್ಡು ಸೇರಿರುತ್ತದೆ. ಕೈಗೆ ಬಂದ ತುತ್ತು ಬಾಯಿಗಿಲ್ಲ. ದಫೇದಾರರ ಬಲಗೈ ತಾನಾಗಿ ಮೇಲೇಳತೊಡಗಿತು; ಇಪ್ಪತ್ತಾರು ವರ್ಷದ ಅಭ್ಯಾಸ ಅದು, ಸುಲಭಕ್ಕೆ ಬಿಡುತ್ತದೆಯೇ? ಬಡ್ತಿಯ ಪಟ್ಟಿ ಕಣ್ಣ ಮುಂದೆ ಬಂದದ್ದೇ ಎರಡೂ ಕೈಯನ್ನು ಜೇಬಿಗೆ ತುರುಕಿಕೊಂಡರು. ಹೋಗಲಿ, ಒಳಗೆ ಯಾರಿದ್ದಾರೆಂದು ಹತ್ತಿರದಿಂದ ನೋಡಿಯಾದರೂ ಬಿಡೋಣ ಎಂದು, ಆಚೆ ಬದಿಗೆ ದಾಟಲು ಜೀಬ್ರಾ ಕ್ರಾಸಿಂಗಿನ ಬಿಳಿ ಪಟ್ಟೆಯ ಮೇಲೆ ಕಾಲಿಟ್ಟರು.

ಕಾರು ನಿಂತಿತು.

ಪಟ್ಟೆಗೆ ಸರಿಯಾಗಿ ನಾಲ್ಕು ಅಡಿ ಮೊದಲೇ ನಿಂತಿತು. ಚಾಲಕಿ ಗಾಜು ಇಳಿಸಿ, ದಾಟಿ ದಾಟಿ ಎಂದು ಕೈಸನ್ನೆ ಮಾಡಿದರು. ಸ್ಟೀರಿಂಗ್ ಹಿಂದೆ ಮಾಲೀಕರ ಅತ್ತೆ, ಬೆನ್ನ ಹಿಂದೆ ಎರಡು ದಿಂಬು. ಪಕ್ಕದ ಸೀಟಿನಲ್ಲಿ ಅಳಿಯನ ಶರಟು ತೊಡಿಸಿ, ಟೋಪಿ ಇಟ್ಟು, ಬೆಲ್ಟು ಬಿಗಿದು ಕೂರಿಸಿದ ದರ್ಜಿಯ ಗೊಂಬೆ. ಶರಟಿನ ತೋಳು ಹಾರದಂತೆ ಗುಂಡುಪಿನ್ನು ಚುಚ್ಚಿದ್ದರು. ದಫೇದಾರರು ಒಮ್ಮೆ ತಮ್ಮ ಜೇಬು ನೋಡಿಕೊಂಡರು. ಕೈಗಳಿನ್ನೂ ಅಲ್ಲೇ ಇದ್ದವು. ಅವರಿಗೆ ನಡುರಸ್ತೆಯಲ್ಲೇ ನಗು ಉಕ್ಕಿ ಬಂತು. ಸಂತೋಷಕ್ಕೆ ಕುಣಿಯುವುದೊಂದು ಬಾಕಿ. ಪೂರ್ತಿ ದಾಟಿ, ಚಾಲಕಿಯ ಕಿಟಕಿಯ ಬಳಿ ಹೋಗಿ ನಿಂತು ಗುರುತಿನ ಚೀಟಿ ತೆಗೆದರು.

"ನಾನು ಪೊಲೀಸಮ್ಮ."

"ಗೊತ್ತು. ಮಂಗಳವಾರ ಬಂದಿದ್ರಲ್ಲ. ಪ್ಯಾಂಟಿನ ಅಂಚು ಬಿಚ್ಚಿತ್ತು."

"ಗೊತ್ತಿದ್ದೂ ನಿಲ್ಲಿಸಿದ್ರಾ? ಹೊರಟುಹೋಗಬಹುದಿತ್ತಲ್ಲ?"

"ಪಟ್ಟೆ ಮೇಲೆ ಮನುಷ್ಯ ಕಾಲಿಟ್ಟ ಮೇಲೆ ಹೆಂಗಪ್ಪಾ ಹೋಗೋದು?" ಅಜ್ಜಿಗೆ ಸಿಟ್ಟೇ ಬಂತು. "ನೀನೆಂಥ ಪೊಲೀಸು?"

ಆರೂ ಇಪ್ಪತ್ತೆರಡಕ್ಕೆ ಜೀಪು ಬಂತು. ನಿಂತ ಕಾರು, ಪಕ್ಕದಲ್ಲಿ ಟ್ರ್ಯಾಕ್ ಪ್ಯಾಂಟಿನ ದಫೇದಾರರು. ಮೇಡಂ ಮುಖ ಬಿಳಿಚಿತು.

"ನಿಲ್ಲಿಸಬೇಡಿ ಅಂತ ಬಡಕೊಂಡಿದ್ನಲ್ಲ!"

"ನಾನು ನಿಲ್ಲಿಸಲಿಲ್ಲ ಮೇಡಂ."

"ಪಾಪ, ಅವರು ಕೈಯನ್ನ ಜೇಬಿಂದ ತೆಗೀಲೇ ಇಲ್ಲಮ್ಮ," ಎಂದರು ಅಜ್ಜಿ. "ದಾಟಲಿ ಅಂತ ನಾನೇ ನಿಲ್ಲಿಸ್ದೆ."

ಮೇಡಂ ಗೊಂಬೆ ನೋಡಿದರು, ಅಜ್ಜಿಯನ್ನು ನೋಡಿದರು, ಆಮೇಲೆ ಜೀಪಿನ ಬಾನೆಟ್ಟಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆರೂವರೆಗೆ ಬಂಧನ. ಬಂಧನದ ಕಾರಣವನ್ನು ಆರೋಪಿಗೆ ಓದಿ ಹೇಳಲಾಯಿತು. ಗೊಂಬೆ ಒಂದು, ಟೋಪಿ ಒಂದು, ಶರಟು ಒಂದು, ದಿಂಬು ಎರಡು ಪಂಚನಾಮೆಯಡಿ ವಶಕ್ಕೆ.

ಸುದ್ದಿ ಮುಟ್ಟಿ ಓಡಿಬಂದ ಮಾಲೀಕರು ಠಾಣೆಯ ಬೆಂಚಿನ ಮೇಲೆ ಕುಸಿದರು. "ಕಂಪ್ಲೇಂಟ್ ವಾಪಸ್ ತಗೋತೀನಿ ಮೇಡಂ!"

"ಎಫ್‌ಐಆರ್ ಹರಿಯೋ ಕಾಗದ ಅಲ್ಲ. ರಾಜಿ ಆಗಿದ್ದೀವಿ ಅಂತ ಕೋರ್ಟಲ್ಲಿ ಹೇಳಿ. ಈಗ ಜಾಮೀನಿಗೆ ಸಹಿ ಹಾಕಿ."

ಅತ್ತೆಯ ಹೇಳಿಕೆ ಬರೆದುಕೊಂಡದ್ದು ದಫೇದಾರರೇ.

"ಗೊಂಬೆ ಯಾಕಮ್ಮ?"

"ಕಲಿಯೋರ ಪಕ್ಕ ಲೈಸೆನ್ಸ್ ಇರೋರು ಕೂರಬೇಕು, ಇಲ್ಲಾಂದ್ರೆ ಪೊಲೀಸರು ನಿಲ್ಲಿಸಬಹುದು ಅಂತ ಪುಸ್ತಕದಲ್ಲಿತ್ತು. ಆದ್ರೆ ಜೀವ ಇರೋರು ಪಕ್ಕ ಕೂತ್ರೆ ನಂಗೆ ಕೈಕಾಲು ನಡುಗುತ್ತೆ. ಅಳಿಯಂದಿರು ಒಂದು ಸಲ ಕೆಮ್ಮಿದ್ರೆ ಸಾಕು, ಇಂಜಿನ್ ಆಫು. ಇವನು ಕೆಮ್ಮಲ್ಲ."

ಅಳಿಯ ತಲೆ ತಗ್ಗಿಸಿಕೊಂಡರು.

"ಈ ವಯಸ್ಸಲ್ಲಿ ಇಷ್ಟೊಂದು ಹಟ ಯಾಕೆ? ಎಲ್ಲಿಗೆ ಹೋಗಬೇಕಿತ್ತು?"

"ಎಲ್ಲಿಗೂ ಇಲ್ಲ." ಅಜ್ಜಿ ಕೈಬೆರಳು ಬಿಡಿಸಿ ಮಡಿಸಿದರು. "ನಲವತ್ತು ವರ್ಷ ಮೆಷಿನ್ ತುಳಿದೆ. ಎಷ್ಟು ತುಳಿದ್ರೂ ಇದ್ದಲ್ಲೇ ಇದ್ದೆ. ಇದನ್ನ ತುಳಿದ್ರೆ ಮುಂದಕ್ಕೆ ಹೋಗುತ್ತೆ ಕಣಪ್ಪಾ."

ಪ್ರಕರಣಕ್ಕೆ ಆ ಮಾತಿನ ಅಗತ್ಯವಿರಲಿಲ್ಲ. ಹನ್ನೊಂದು ವರ್ಷ ಒಂದೇ ದರ್ಜೆಯನ್ನು ತುಳಿದ ದಫೇದಾರರು ಮಾತ್ರ ಒಂದಕ್ಷರ ಬಿಡದೆ ಅದನ್ನು ಬರೆದುಕೊಂಡರು, ಓದಿ ಹೇಳಿದರು, ಸಹಿ ಹಾಕಿಸಿಕೊಂಡರು. ಸಮಯ, ಬೆಳಿಗ್ಗೆ ಒಂಬತ್ತೂ ಹತ್ತು.